ತೂತುಗಳ ಲೆಕ್ಕ

ಬೆರಳಿನ ಉಂಗುರದೊಳಗೆ ತೂರಿ ಈಚೆಗೆ ಬರುವ ಶಾಲು ಎಂದೊಡನೆ ನಮಗೆಲ್ಲ ನೆನಪಾಗುವುದು ಕಾಶ್ಮೀರ. ಆ ಶಾಹತೂಷ್ ಶಾಲಿಗಾಗಿ ಟಿಬೆಟ್ಟಿನ ಚಿರು ಎಂಬ ಜಿಂಕೆಯಂಥ ಪ್ರಾಣಿಯನ್ನು ಕೊಂದೇ ಉಣ್ಣೆ ತೆಗೆಯಬೇಕಾಗಿತ್ತು. ಹಾಗಾಗಿ ಇಂದು ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಆದರೆ ಅದು ಮಗ್ಗದಲ್ಲಿ ನೇಯ್ದ ಶಾಲು. ಮಗ್ಗದ ಗೊಡವೆಯೇ ಇಲ್ಲದೆ, ಬರೀ ಕಡ್ಡಿಗಳ ಮೇಲೆ ಕುಣಿಕೆ ಹಾಕಿ ಹೆಣೆದ ಉಂಗುರದ ಶಾಲುಗಳೂ ಲೋಕದಲ್ಲಿವೆ. ಒಂದು ರಷ್ಯಾದ ಒರೆನ್‌ಬರ್ಗ್ ಪ್ರಾಂತದ್ದು, ಅಲ್ಲಿನ ಮೇಕೆಯ ಮೃದು ಒಳತುಪ್ಪಟದಿಂದ ಮಾಡಿದ್ದು. 1766ರಷ್ಟು ಹಿಂದೆಯೇ ಪ್ಯೋತರ್ ರಿಚ್ಕೋವ್ ಎಂಬ ವಿದ್ವಾಂಸ ಆ ಮೇಕೆಯ ತುಪ್ಪಟದ ಬಗ್ಗೆ ಬರೆದಿದ್ದ. 1862ರ ಲಂಡನ್ ವಸ್ತುಪ್ರದರ್ಶನದಲ್ಲಿ ಉಸ್ಕೋವಾ ಎಂಬ ಕೊಸಾಕ್ ಹೆಣ್ಣುಮಗಳು ತನ್ನ ಶಾಲಿಗೆ ಪದಕ ಪಡೆದಳು. ಇನ್ನೊಂದು, ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದ ನಡುವೆ ಚೆದುರಿಬಿದ್ದ ಶೆಟ್ಲೆಂಡ್ ದ್ವೀಪಗಳದ್ದು. ನಾನು ಹೇಳಹೊರಟಿರುವುದು ಮುಖ್ಯವಾಗಿ ಈ ಎರಡನೆಯದರ ಕಥೆ. ಅದಕ್ಕೆ ಕಾರಣ ಒಂದು ಶ್ರಗ್. ಅದರ ವಿಷಯ ಆಮೇಲೆ ಬರುತ್ತದೆ.

ಶೆಟ್ಲೆಂಡ್ ಸ್ಕಾಟ್ಲೆಂಡಿಗೆ ಸೇರಿದ್ದೇ ಒಂದು ಸೋಜಿಗ. 1469ರಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯ ರಾಜ ಒಂದನೆಯ ಕ್ರಿಶ್ಚಿಯನ್ ತನ್ನ ಮಗಳನ್ನು ಸ್ಕಾಟ್ಲೆಂಡಿನ ರಾಜ ಮೂರನೆಯ ಜೇಮ್ಸನಿಗೆ ಕೊಟ್ಟ. ಒಪ್ಪಿಕೊಂಡಿದ್ದ ವರದಕ್ಷಿಣೆಗೆ ಹಣ ಹೊಂದಲಿಲ್ಲ. ಈ ದ್ವೀಪಗಳನ್ನು ಅಡವಿಟ್ಟ. ಅಡವು ಬಿಡಿಸಿಕೊಳ್ಳಲು ಕೊನೆಗೂ ಆಗಲೇ ಇಲ್ಲ. ಹೀಗೆ ಇಡೀ ಒಂದು ನಾಡು, ಅದರ ಹೊಲಮನೆ, ಕುರಿಕರು, ಜನ ಎಲ್ಲ ಸೇರಿ ಮದುವೆಯ ಸಾಲಕ್ಕೆ ಹೋಯಿತು. ಹತ್ತನೇ ತರಗತಿಯ ಹುಡುಗಿಯರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಆ ದ್ವೀಪಗಳಲ್ಲಿ ಮರಗಳು ಕಡಿಮೆ, ಗಾಳಿ ವಿಪರೀತ. ಕುರಿಗಳು ಸಣ್ಣ ಜಾತಿಯವು. ಉಣ್ಣೆ ಮಾತ್ರ ನಯ. ಅದರಲ್ಲೂ ಕತ್ತಿನ ಬಳಿಯದು ಅತಿ ನಯ. ಬೇಸಿಗೆಯಲ್ಲಿ ಉಣ್ಣೆ ತಾನಾಗಿ ಸಡಿಲವಾದಾಗ ಕತ್ತರಿ ತಾಗಿಸದೆ ಕೈಯಲ್ಲೇ ಕಿತ್ತು ತೆಗೆಯುತ್ತಿದ್ದರಂತೆ. ಕತ್ತರಿಸಿದ ತುದಿ ಚುಚ್ಚುತ್ತದೆ, ಕಿತ್ತ ತುದಿ ಚುಚ್ಚುವುದಿಲ್ಲ. ಉತ್ತರದ ತುದಿಯ ಅನ್‌ಸ್ಟ್ ದ್ವೀಪದ ಹೆಂಗಸರು ಇದನ್ನು ಕೂದಲೆಳೆಯಷ್ಟು ಸಣ್ಣಗೆ ನೂತು, ಆರಡಿ ಚೌಕದ ಶಾಲು ಹೆಣೆದರೆ ಅದರಲ್ಲಿ ಅತ್ಯುತ್ತಮವಾದದ್ದು ಮೂರು ಔನ್ಸ್ ಕೂಡ ತೂಗುತ್ತಿರಲಿಲ್ಲ. ಮೂರು ಔನ್ಸ್ ಎಂದರೆ ಎಂಬತ್ತೈದು ಗ್ರಾಂ. ನಮ್ಮ ಅಂಗಡಿಯ ಎರಡು ಸಣ್ಣ ಉಂಡೆ ಉಲ್ಲನ್ನಿನಷ್ಟೂ ಇಲ್ಲ.

ಇಷ್ಟನ್ನು ಅವರು ಬೆಚ್ಚಗೆ ಬೆಂಕಿಯ ಮುಂದೆ ಕುಳಿತು ಮಾಡಿದರು ಎಂದುಕೊಳ್ಳಬೇಡಿ. ಗಂಡಸರು ಮೀನುಗಾರಿಕೆಗೋ ದೂರದ ಹಡಗುಗಳ ಕೆಲಸಕ್ಕೋ ಹೋದವರು. ಊರಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಗದ್ದೆ, ದನ, ಮಕ್ಕಳು, ಮುದುಕರು ಎಲ್ಲವೂ ಅವರ ತಲೆಯ ಮೇಲೆ. ಒಲೆಗೆ ಸೌದೆ ಇಲ್ಲದ ಆ ಊರಲ್ಲಿ ಜೌಗುನೆಲದ ಮಣ್ಣನ್ನು ಹೆಂಟೆಹೆಂಟೆಯಾಗಿ ಕಡಿದು ಒಣಗಿಸಿ ಉರಿಸುತ್ತಾರೆ. ಆ ಹೆಂಟೆಗಳನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ನಡೆಯುವಾಗ ಎರಡು ಕೈ ಖಾಲಿ ಇರುತ್ತವಲ್ಲ, ಆ ಕೈಗಳಲ್ಲಿ ಹೆಣಿಗೆ. ಅದಕ್ಕೆಂದೇ ಸೊಂಟಕ್ಕೊಂದು ತೊಗಲಿನ ಪಟ್ಟಿ. ಅದರ ಮೆತ್ತೆಯೊಳಗೆ ಕುದುರೆಯ ಕೂದಲು ತುಂಬಿ ಮೇಲೆ ತೂತುಗಳನ್ನು ಮಾಡಿರುತ್ತಾರೆ. ಒಂದು ಕಡ್ಡಿಯ ಹಿಂತುದಿಯನ್ನು ಆ ತೂತಿಗೆ ಚುಚ್ಚಿಕೊಂಡರೆ ಕಡ್ಡಿ ಅಲುಗಾಡುವುದಿಲ್ಲ, ನಡೆಯುತ್ತಲೇ ಹೆಣೆಯಬಹುದು. ಅವರ ಹಳೆಯ ಫೋಟೋಗಳನ್ನು ನೋಡಿದ್ದೇನೆ. ಬೆನ್ನು ಬಾಗಿದೆ, ಬುಟ್ಟಿ ತುಂಬಿದೆ, ಕೈ ಕೆಲಸ ಮಾಡುತ್ತಿದೆ. ನಮ್ಮ ಪಠ್ಯಪುಸ್ತಕದ ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಹಾರ್‌ಗ್ರೀವ್ಸ್, ಆರ್ಕ್‌ರೈಟ್ ಎಲ್ಲರೂ ಬರುತ್ತಾರೆ. 1589ರಲ್ಲೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ ವಿಲಿಯಂ ಲೀ ಬರುವುದಿಲ್ಲ. ಈ ಬುಟ್ಟಿಯ ಹೆಂಗಸರಂತೂ ಯಾವ ಪಾಠದಲ್ಲೂ ಬರುವುದಿಲ್ಲ.

ದೋಣಿಗಳು ಹೋದಮೇಲೆ ವಾಪಸು ಬರುತ್ತವೆ ಎಂಬ ಖಾತರಿಯೂ ಇರಲಿಲ್ಲ. 1881ರ ಜುಲೈ 20ರ ರಾತ್ರಿ ಎದ್ದ ಬಿರುಗಾಳಿಗೆ ಯೆಲ್ ದ್ವೀಪದ ಗ್ಲೂಪ್ ಎಂಬಲ್ಲಿನ ಮೀನುಗಾರರ ಹತ್ತು ದೋಣಿಗಳು ಸಿಕ್ಕಿ 58 ಮಂದಿ ಸತ್ತರು. ಹಿಂದೆ ಉಳಿದವರು 34 ವಿಧವೆಯರು, 85 ಅನಾಥ ಮಕ್ಕಳು. ಇಂಥ ಮನೆಗಳಲ್ಲಿ ಹೆಣಿಗೆ ಹವ್ಯಾಸವಲ್ಲ, ಒಲೆಯ ಮೇಲಿನ ಮಡಕೆ.

ಲೇಸ್ ಹೆಣಿಗೆ ಅಲ್ಲಿ ಅನಾದಿಕಾಲದ್ದೇನಲ್ಲ. ಅದಕ್ಕೆ ಮೊದಲು ಒರಟು ಕಾಲುಚೀಲಗಳನ್ನು ಹೆಣೆದು ಹಡಗಿನವರಿಗೆ ಮಾರುತ್ತಿದ್ದರು. ಯಂತ್ರದ ಕಾಲುಚೀಲ ಅಗ್ಗವಾಗಿ ಬರತೊಡಗಿದ ಮೇಲೆ, 1830ರ, 40ರ ದಶಕಗಳಲ್ಲಿ, ಯಂತ್ರಕ್ಕೆ ಸುಲಭವಾಗಿ ನಿಲುಕದ ಈ ನಯಗಾರಿಕೆ ಬೆಳೆಯಿತು. ಲೆರ್ವಿಕ್‌ನಲ್ಲಿ ಹುಟ್ಟಿದ ಆರ್ಥರ್ ಆಂಡರ್‌ಸನ್ ಎಂಬಾತ 1837ರಲ್ಲಿ ವಿಕ್ಟೋರಿಯಾ ರಾಣಿಗೆ ತನ್ನೂರಿನ ಸಣ್ಣ ನೂಲಿನ ಕಾಲುಚೀಲಗಳನ್ನು ಒಪ್ಪಿಸಿದ. ರಾಣಿ ಹಾಕಿಕೊಂಡದ್ದನ್ನು ಲಂಡನ್ನಿನ ಶ್ರೀಮಂತರು ಬಿಡುತ್ತಾರೆಯೇ? ಈ ಆಂಡರ್‌ಸನ್ ಯಾರೆಂದರೆ ಪಿ. ಅಂಡ್ ಓ. ಹಡಗು ಕಂಪನಿಯನ್ನು ಕಟ್ಟಿದವರಲ್ಲೊಬ್ಬ. ನಮ್ಮ ದೇಶಕ್ಕೆ ಟಪಾಲು, ಕಲೆಕ್ಟರುಗಳು, ಅವರ ಹೆಂಡಂದಿರು ಎಲ್ಲ ಬಂದದ್ದು ಆ ಕಂಪನಿಯ ಹಡಗುಗಳಲ್ಲೇ. ತನ್ನೂರಿಗೆ ಆತ ಶಾಲೆ ಕಟ್ಟಿಸಿದ, ವಿಧವೆಯರಿಗೆ ಮನೆಗಳನ್ನು ಕಟ್ಟಿಸಿದ. ಆಕ್ಸ್‌ಫರ್ಡಿನ ಎಡ್ವರ್ಡ್ ಸ್ಟ್ಯಾಂಡನ್ ಎಂಬ ವರ್ತಕ ಶಾಲುಗಳಿಗೆ ಪೇಟೆ ಹುಡುಕಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಶೆಟ್ಲೆಂಡ್ ಲೇಸ್ ಗಾಜಿನ ಹಿಂದೆ ಕುಳಿತಿತು.

ಶಾಲಿಗೆ ಹೆಸರು ಬಂತು. ಹೆಣೆದವಳಿಗೆ ಏನು ಬಂತು? ಚಹಾಪುಡಿ ಬಂತು, ಬಟ್ಟೆಯ ತುಂಡು ಬಂತು. ಹಣ ಬರಲಿಲ್ಲ. ಶಾಲು ತಂದವಳಿಗೆ ಅಂಗಡಿಯವನು ತನ್ನಲ್ಲಿದ್ದ ಸಾಮಾನನ್ನೇ ಕೂಲಿಯಾಗಿ ಕೊಡುತ್ತಿದ್ದ. ಈಗ ಬೇಡವೆಂದರೆ ಒಂದು ಚೀಟಿ ಬರೆದುಕೊಡುತ್ತಿದ್ದ. ಆ ಚೀಟಿ ನಡೆಯುವುದು ಅವನ ಅಂಗಡಿಯಲ್ಲೇ. ಹಿಟ್ಟು, ಆಲೂಗಡ್ಡೆ ಬೇಕಾದವಳು ಕೂಲಿಯಾಗಿ ಬಂದ ಚಹಾಪುಡಿಯನ್ನು ನೆರೆಮನೆಗಳಿಗೆ ಹೊತ್ತು ಅದಲುಬದಲು ಮಾಡಿಕೊಳ್ಳಬೇಕು. ಇದನ್ನು ಇಂಗ್ಲಿಷಿನಲ್ಲಿ ಟ್ರಕ್ ಪದ್ಧತಿ ಎನ್ನುತ್ತಾರೆ, ಲಾರಿಗೂ ಇದಕ್ಕೂ ಸಂಬಂಧವಿಲ್ಲ. 1872ರಲ್ಲಿ ಸರ್ಕಾರ ನೇಮಿಸಿದ ವಿಲಿಯಂ ಗತ್ರಿ ಎಂಬ ಅಧಿಕಾರಿ ಲೆರ್ವಿಕ್‌ಗೆ ಬಂದು ವಿಚಾರಣೆ ನಡೆಸಿದ. ಹೆಣೆಯುವ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ನುಡಿದರು. ಅವರ ಹೆಸರು, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎಲ್ಲ ಸಾವಿರಾರು ಸಂಖ್ಯೆಯಲ್ಲಿ ಅಚ್ಚಾಗಿ ಉಳಿದಿವೆ. ಮಗಳು ಅದರ ಒಂದಷ್ಟು ಪುಟಗಳನ್ನು ಮುದ್ರಿಸಿ ತಂದುಕೊಟ್ಟಿದ್ದಳು. ಎರಡು ರಾತ್ರಿ ಕೂತು ಓದಿದೆ. ಹಣ ಕೇಳಿದ್ದಿರಾ ಎಂಬ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳಿದರೂ ಕೊಡುವುದಿಲ್ಲವೆಂದು ಗೊತ್ತಿದ್ದರಿಂದ ಕೇಳುವುದನ್ನೇ ಬಿಟ್ಟವರು ಎಷ್ಟು ಮಂದಿ!

ಓದುತ್ತಾ ನನಗೆ ಕಂಡದ್ದು ಲೆರ್ವಿಕ್ ಅಲ್ಲ, ನಮ್ಮ ಚಿಕ್ಕಮ್ಮ. ಮಲೆನಾಡಿನ ನಮ್ಮೂರಿನಲ್ಲಿ ಚಿಕ್ಕಮ್ಮ ಒಂದು ಅಂಗಡಿಗೆ ಸ್ವೆಟರ್ ಹೆಣೆದುಕೊಡುತ್ತಿದ್ದರು. ನಾನಾಗ ಐದನೆಯ ಕ್ಲಾಸೋ ಆರನೆಯದೋ. ಅಂಗಡಿಯವರು ಉಲ್ಲನ್ನನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಿದ್ದರು, ಸ್ವೆಟರನ್ನೂ ತೂಗಿಯೇ ತೆಗೆದುಕೊಳ್ಳುತ್ತಿದ್ದರು. ಒಂದು ತೊಲ ಕಡಿಮೆಯಾದರೂ ಚಿಕ್ಕಮ್ಮನ ಮುಖ ಸಣ್ಣದಾಗುತ್ತಿತ್ತು. ಕೂಲಿಯ ಲೆಕ್ಕ ಒಂದು ಉದ್ದನೆಯ ಪುಸ್ತಕದಲ್ಲಿ. ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಮುಂಚೆ ಲೆಕ್ಕ ಚುಕ್ತಾ. ಚುಕ್ತಾ ಎಂದರೆ ಅದೇ ಅಂಗಡಿಯ ಎರಡು ಸೀರೆ, ಒಂದಷ್ಟು ಬ್ಲೌಸ್‌ಪೀಸು, ನನಗೊಂದು ಲಂಗದ ಬಟ್ಟೆ. “ದುಡ್ಡು ಕೇಳ್ಬಾರ್ದಾ ಚಿಕ್ಕಮ್ಮಾ?” ಎಂದು ಒಮ್ಮೆ ಕೇಳಿದ್ದೆ. “ಸುಮ್ನಿರು ಕೂಸೇ, ಕೇಳಿದ್ರೆ ಕೆಲಸಾನೇ ಕೊಡೋದಿಲ್ಲ” ಎಂದರು. ಆ ಅಂಗಡಿ ಈಗಿಲ್ಲ, ಚಿಕ್ಕಮ್ಮನೂ ಇಲ್ಲ. ಅವರಿಗೆ ಪ್ರಶ್ನೆ ಕೇಳಲು ಯಾವ ಅಧಿಕಾರಿಯೂ ಬರಲಿಲ್ಲ.

1887ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆಯನ್ನು ತಿದ್ದಿ, ಮನೆಯಲ್ಲಿ ಕೂತು ಹೆಣೆಯುವವರಿಗೂ ಕೂಲಿ ಹಣವಾಗಿಯೇ ಸಲ್ಲಬೇಕೆಂದು ಸೇರಿಸಿತು. ಆದರೂ ಶೆಟ್ಲೆಂಡಿನಲ್ಲಿ ಸಾಮಾನಿನ ಕೂಲಿ ಇಪ್ಪತ್ತನೆಯ ಶತಮಾನದವರೆಗೂ ನಡೆದೇ ಇತ್ತು. ನಮ್ಮ ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಮಾಡುವ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನಕ್ಕೆ ಆರೇಳು ಗಂಟೆ ದುಡಿದು ವಿದೇಶಕ್ಕೆ ಹೋಗುವ ಸರಕು ಮಾಡುವವರನ್ನು ಎಲ್ಲರೂ ಕರೆಯುತ್ತಿದ್ದುದು ‘ಗೃಹಿಣಿ’ಯರೆಂದು, ಅವರು ಮಾಡುವುದು ಬಿಡುವಿನ ವೇಳೆಯ ಕೆಲಸವೆಂದು. ಬಿಡುವು ಯಾವಾಗ ಸಿಕ್ಕಿತ್ತೋ, ದೇವರಿಗೇ ಗೊತ್ತು.

ಇನ್ನು ಹೆಣಿಗೆಯೊಳಗಿನ ಲೆಕ್ಕಕ್ಕೆ ಬರೋಣ. ಲೇಸ್ ಎಂದರೆ ತೂತು. ಆದರೆ ಅದು ಹರಿದ ತೂತಲ್ಲ, ಲೆಕ್ಕವಿಟ್ಟು ಬಿಟ್ಟ ತೂತು. ನೂಲನ್ನು ಕಡ್ಡಿಯ ಮೇಲೆ ಒಂದು ಸುತ್ತು ಸುಮ್ಮನೆ ಹಾಯಿಸಿದರೆ ಅಲ್ಲೊಂದು ತೂತು ಬೀಳುತ್ತದೆ, ಜೊತೆಗೆ ಒಂದು ಕುಣಿಕೆ ಹೆಚ್ಚಾಗುತ್ತದೆ. ಹೆಚ್ಚಾದದ್ದನ್ನು ಎಲ್ಲಾದರೂ ಕಳೆಯಬೇಕು, ಇಲ್ಲದಿದ್ದರೆ ಬಟ್ಟೆ ಹಪ್ಪಳದಂತೆ ಹರಡುತ್ತಾ ಹೋಗುತ್ತದೆ. ಹಾಗಾಗಿ ಪಕ್ಕದಲ್ಲಿ ಎರಡು ಕುಣಿಕೆಗಳನ್ನು ಕೂಡಿಸಿ ಒಂದು ಮಾಡಬೇಕು. ಶೆಟ್ಲೆಂಡಿನ ಹಳೆಯ, ಸುಲಭದ ನಮೂನೆ ಒಂದಿದೆ. ಸಮುದ್ರದಂಡೆಯ ಚಿಪ್ಪಿನ ಗೆರೆಗಳಂತೆ ಅಲೆಅಲೆಯಾಗಿ ಕಾಣುತ್ತದೆ. ‘ಓಲ್ಡ್ ಶೇಲ್’ ಎನ್ನುತ್ತಾರೆ, ಶೆಲ್ ಎಂಬುದರ ಆ ಊರಿನ ಉಚ್ಚಾರಣೆಯಂತೆ. ಇದಕ್ಕೆ ಹದಿನೆಂಟು ಕುಣಿಕೆ ಬೇಕು. ಮೊದಲು ಎರಡೆರಡನ್ನು ಕೂಡಿಸಿ ಮೂರು ಸಲ ಹೆಣೆಯಬೇಕು, ಆರು ಹೋಗಿ ಮೂರಾಯಿತು. ಮಧ್ಯದ ಆರರಲ್ಲಿ ಪ್ರತಿಯೊಂದಕ್ಕೂ ಮುಂಚೆ ನೂಲು ಹಾಯಿಸಿ ಹೆಣೆದರೆ ಹನ್ನೆರಡಾಯಿತು. ಕೊನೆಯ ಆರನ್ನು ಮತ್ತೆ ಮೂರು ಮಾಡಬೇಕು. ಮೂರು, ಹನ್ನೆರಡು, ಮೂರು, ಮತ್ತೆ ಹದಿನೆಂಟು! ನಾಲ್ಕು ಸಾಲುಗಳಲ್ಲಿ ಈ ಆಟ ನಡೆಯುವುದು ಒಂದೇ ಸಾಲಿನಲ್ಲಿ. ಉಳಿದ ಮೂರು ಸಾಲುಗಳಲ್ಲಿ ಒಂದು ಸೀದಾ, ಒಂದು ಉಲ್ಟಾ, ಕೊನೆಯದು ಮತ್ತೆ ಸೀದಾ. ಅಕ್ಷರ ಬಾರದ ಅಜ್ಜಿಯರು ಇದಕ್ಕಿಂತ ಹತ್ತುಪಟ್ಟು ಕಷ್ಟದ ನಮೂನೆಗಳನ್ನು ತಲೆಯಲ್ಲಿಟ್ಟುಕೊಂಡು ಕತ್ತಲಲ್ಲೂ ಹೆಣೆಯುತ್ತಿದ್ದರು. ನಮ್ಮಲ್ಲಿ ಚುಕ್ಕಿ ತಪ್ಪದೆ ರಂಗೋಲಿ ಹಾಕುವ ಅಜ್ಜಿಯರಿಲ್ಲವೆ, ಹಾಗೆ.

ಅದನ್ನು ಬರೆದಿಡುವ ಕೆಲಸ ಮಾಡಿದ್ದು ಪಟ್ಟಣದ ಹೆಂಗಸರು. ಎಡಿನ್‌ಬರೋದ ಜೇನ್ ಗಾಗೇನ್ 1840ರಲ್ಲಿ ಪ್ರಕಟಿಸಿದ ಹೆಣಿಗೆಯ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಉದ್ದುದ್ದ ವಾಕ್ಯಗಳ ಬದಲು ಒಂದೊಂದು ಅಕ್ಷರದ ಸಂಕೇತಗಳನ್ನು ಬಳಸಿದ ಜಾಣೆ ಆಕೆ. ಆದರೆ ಆ ಕಾಲದ ಪುಸ್ತಕಗಳಲ್ಲಿ ಒಂದು ಸಂಗತಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎಷ್ಟು ಕುಣಿಕೆಗೆ ಎಷ್ಟು ಇಂಚು ಬರಬೇಕು ಎನ್ನುವುದು. ಕಡ್ಡಿಯ ನಂಬರು ಕೊಟ್ಟು, ಇಷ್ಟು ಕುಣಿಕೆ ಹಾಕಿ ಎಂದು ಹೇಳಿ ಮುಗಿಸುತ್ತಿದ್ದರು. ಶಾಲಿಗೆ ಅದು ಸಾಕು, ನಾಲ್ಕು ಇಂಚು ಆಚೀಚೆಯಾದರೆ ಯಾರು ಕೇಳುತ್ತಾರೆ? ಮೈಗೆ ಹಾಕುವ ಉಡುಪಿಗೆ ಸಾಲದು. ಒಬ್ಬಳ ಕೈ ಬಿಗಿ, ಇನ್ನೊಬ್ಬಳ ಕೈ ಸಡಿಲ.

ಕಡ್ಡಿಯ ನಂಬರಿನ ವಿಷಯ ಬಂದಾಗ ಒಂದು ಮಾತು. ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣದೇಕೆ ಎಂದು ಹೊಸದಾಗಿ ಕಲಿಯುವವರು ಕೇಳುತ್ತಾರೆ. ಹಳೆಯ ಬ್ರಿಟಿಷ್ ನಂಬರುಗಳು ಬಂದದ್ದು ತಂತಿ ಎಳೆಯುವವರಿಂದ. ಕಬ್ಬಿಣದ ತಂತಿಯನ್ನು ಸಣ್ಣ ಸಣ್ಣ ತೂತುಗಳ ಮೂಲಕ ಹೆಚ್ಚು ಸಲ ಎಳೆದಷ್ಟೂ ಅದು ಸಪೂರವಾಗುತ್ತದೆ, ನಂಬರು ಏರುತ್ತದೆ. ನಮ್ಮ ಅಂಗಡಿಗಳಲ್ಲಿ ಹತ್ತನೇ ನಂಬರು ಎಂದರೆ ಮೂರೂಕಾಲು ಮಿಲಿಮೀಟರು, ಎಂಟನೇ ನಂಬರು ನಾಲ್ಕು ಮಿಲಿಮೀಟರು, ಆರನೆಯದು ಐದು. ಅಮೆರಿಕದವರದು ಇದಕ್ಕೆ ತಿರುಗುಮುರುಗು. ಅಲ್ಲಿಂದ ಯಾರಾದರೂ ನಮೂನೆ ಕಳಿಸಿದರೆ ಮೊದಲು ಇದನ್ನು ನೋಡಿಕೊಳ್ಳಿ.

ಶಾಲಿನಿಂದ ಶ್ರಗ್ಗಿಗೆ ಬಂದ ದಾರಿ ನೇರವಾದದ್ದಲ್ಲ. ಬರೀ ಭುಜ ಮತ್ತು ತೋಳನ್ನು ಮುಚ್ಚುವ ಗಿಡ್ಡ ಉಡುಪು ಯುರೋಪಿನಲ್ಲಿ ಹೊಸದಲ್ಲ. 1790ರ ದಶಕದಲ್ಲಿ ಸ್ಪೆನ್ಸರ್ ಎಂಬ ಗಿಡ್ಡ ಕೋಟು ಬಂತು, ಅದೇ ಹೆಸರಿನ ಒಬ್ಬ ಇಂಗ್ಲಿಷ್ ಜಮೀನುದಾರನಿಂದ ಅದಕ್ಕೆ ಹೆಸರು. 1860ರಲ್ಲಿ ಅಮೆರಿಕದ ಒಂದು ಮಹಿಳಾ ಪತ್ರಿಕೆ ಎದೆಯ ಮೇಲೆ ಅಡ್ಡ ಹಾದು ಬೆನ್ನಿಗೆ ಕಟ್ಟುವ ಹೆಣಿಗೆಯ ಹೊದಿಕೆಯ ನಮೂನೆ ಕೊಟ್ಟಿತು. ಅದರ ಹೆಸರು ‘ಸೊಂಟಾಗ್’. ಹೆನ್ರಿಯೆಟ್ ಸೊಂಟಾಗ್ ಎಂಬ ಜರ್ಮನ್ ಗಾಯಕಿ 1854ರಲ್ಲಿ ಮೆಕ್ಸಿಕೋದಲ್ಲಿ ಕಾಲರಾದಿಂದ ತೀರಿಕೊಂಡಿದ್ದಳು, ಹೆಸರು ಮಾತ್ರ ಬೇರೆಯವರ ಹೆಗಲ ಮೇಲೆ ಬೆಚ್ಚಗೆ ಉಳಿಯಿತು. ಆಮೇಲೆ ಹಾಸಿಗೆಯಲ್ಲಿ ಕೂತು ಓದುವವರಿಗೆ, ಬಾಣಂತಿಯರಿಗೆ, ಕಾಯಿಲೆಯವರಿಗೆ ಎಂದು ಲೇಸಿನ ‘ಬೆಡ್ ಜಾಕೆಟ್’ಗಳು ಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರ ಜೂನಿನಿಂದ, ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್, ಎರಡು ಔನ್ಸ್ ಉಲ್ಲನ್ನಿಗೆ ಒಂದು ಕೂಪನ್. ಹಳೆಯದನ್ನು ಬಿಚ್ಚಿ, ಆವಿ ಹಿಡಿದು ಸುಕ್ಕು ಬಿಡಿಸಿ ಮತ್ತೆ ಹೆಣೆದರು. ತೂತು ಹೆಚ್ಚಿದ್ದಷ್ಟೂ ನೂಲು ಕಡಿಮೆ ಸಾಕು ತಾನೆ? ಲೇಸು ಶ್ರೀಮಂತಿಕೆಯ ಗುರುತಾಗಿದ್ದದ್ದು ಬಡತನದ ಉಪಾಯವೂ ಆಯಿತು. ಶ್ರಗ್ ಎಂಬ ಹೆಸರು ಜನಪ್ರಿಯವಾದದ್ದು 1950ರ ದಶಕದ ಹೊತ್ತಿಗೆ. ತೋಳಿಲ್ಲದ ಉಡುಪಿನ ಮೇಲೆ ಹಾಕಿಕೊಳ್ಳಲು. ಭುಜ ಕುಣಿಸುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತೇ ಉಡುಪಿನ ಹೆಸರಾಯಿತು. ನಮ್ಮ ಪೇಟೆಯ ಹುಡುಗಿಯರು ಕುರ್ತಾದ ಮೇಲೆ ಹಾಕತೊಡಗಿದ್ದು ತೀರ ಈಚೆಗೆ.

ಮೈ ಅಳೆಯುವ ಕೆಲಸ ಸರ್ಕಾರದ್ದೂ ಆಯಿತು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ (ಹೌದು, ಕೃಷಿ ಇಲಾಖೆಯೇ) ಸುಮಾರು ಹದಿನೈದು ಸಾವಿರ ಹೆಂಗಸರನ್ನು ನಿಲ್ಲಿಸಿ ಒಬ್ಬೊಬ್ಬರಿಗೂ 59 ಅಳತೆ ತೆಗೆಸಿತು. ಕೊನೆಯ ಲೆಕ್ಕದಲ್ಲಿ ಉಳಿಸಿಕೊಂಡದ್ದು ಬಿಳಿಯ ಹೆಂಗಸರದ್ದನ್ನು ಮಾತ್ರ. ಸಿದ್ಧ ಉಡುಪಿನ ಸೈಜಿನ ಪಟ್ಟಿಗಳು ಇಂಥ ಲೆಕ್ಕಗಳಿಂದ ಹುಟ್ಟಿದವು. ನಮ್ಮ ಅಂಗಡಿಯಲ್ಲಿ ಎಂ, ಎಲ್, ಎಕ್ಸ್‌ಎಲ್ ಎಂದು ತೂಗುಹಾಕಿರುತ್ತಾರಲ್ಲ, ಅದು ತೋಳಿಗೆ ಸರಿಹೋದರೆ ಬೆನ್ನಿಗೆ ಹೋಗದಿರುವುದರಲ್ಲಿ ಆಶ್ಚರ್ಯವೇನಿದೆ. ನಮ್ಮ ಮೈಯಲ್ಲಿ ದೋಷ ಹುಡುಕುವ ಮೊದಲು ಆ ಪಟ್ಟಿಯಲ್ಲಿ ಹುಡುಕಬೇಕು. ಹೆಣಿಗೆಯವರಲ್ಲಿ ಇದನ್ನು ಚೆನ್ನಾಗಿ ಕಂಡುಕೊಂಡವರು ಎಲಿಜಬೆತ್ ಝಿಮ್ಮರ್‌ಮನ್. ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ತೀರಿಕೊಂಡದ್ದು 1999ರಲ್ಲಿ. 1971ರ ಅವರ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕದ ಧೋರಣೆ ಇಷ್ಟು: ಮೊದಲು ನಿನ್ನ ಕೈಯಲ್ಲಿ ಇಂಚಿಗೆ ಎಷ್ಟು ಕುಣಿಕೆ ಬರುತ್ತದೆಂದು ತಿಳಿದುಕೋ, ಆಮೇಲೆ ಮೈಯ ಅಳತೆಯಿಂದ ಗುಣಿಸು, ಪುಸ್ತಕದ ಸೈಜಿಗೆ ತಲೆ ಬಾಗಿಸಬೇಡ.

ಈಗ ನನ್ನ ಶ್ರಗ್ಗಿನ ವಿಷಯ. ನಮ್ಮ ಶಾಲೆಯ ಗಣಿತದ ಮೇಡಂಗೆ ಎಡಗಡೆಯ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಆ ಕೈಯಲ್ಲಿ ನೀರು ನಿಂತು ಊದಿಕೊಂಡಿತು. ಬಲತೋಳಿನ ಸುತ್ತಳತೆ ಹನ್ನೊಂದು ಇಂಚಾದರೆ ಎಡತೋಳಿನದು ಹದಿನಾಲ್ಕು. ಯಾವ ಬ್ಲೌಸೂ ಆಗುವುದಿಲ್ಲ. ದರ್ಜಿಗೆ ಹೇಳಲು ಸಂಕೋಚ. ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಪಾಠ ಮಾಡುತ್ತಿದ್ದರು, ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಅದು ಜಾರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರಂತೆ. ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ ಎಂದು ಒಂದು ದಿನ ಸ್ಟಾಫ್‌ರೂಮಿನಲ್ಲಿ ನನ್ನೊಬ್ಬಳಿಗೇ ಹೇಳಿದರು. ನಿವೃತ್ತಿಗೆ ಇನ್ನೂ ಆರು ವರ್ಷ ಇತ್ತು.

ನಾನು ಟೇಪು ತಂದೆ.

ಶ್ರಗ್ಗಿನಲ್ಲಿ ಸರಳವಾದದ್ದೆಂದರೆ ಒಂದು ಉದ್ದನೆಯ ಪಟ್ಟಿ. ಒಂದು ಮೊಣಕೈಯಿಂದ ಬೆನ್ನಿನ ಮೇಲೆ ಹಾದು ಇನ್ನೊಂದು ಮೊಣಕೈಯವರೆಗೆ ಹೆಣೆದು, ಎರಡೂ ತುದಿಗಳಲ್ಲಿ ಸ್ವಲ್ಪ ದೂರ ಅಂಚುಗಳನ್ನು ಕೂಡಿಸಿ ಹೊಲಿದರೆ ತೋಳಾಯಿತು. ನಡುವೆ ಹೊಲಿಯದೆ ಬಿಟ್ಟದ್ದು ಬೆನ್ನು. ಇದರ ತೊಡಕು ಏನೆಂದರೆ ಪಟ್ಟಿಯ ಅಗಲವೇ ತೋಳಿನ ಸುತ್ತಳತೆ, ಅದೇ ಬೆನ್ನಿನ ಎತ್ತರ. ತೋಳು ಹಿಗ್ಗಿಸಿದರೆ ಬೆನ್ನೂ ಇಳಿಯುತ್ತದೆ. ಸಾದಾ ಹೆಣಿಗೆಯಾದರೆ ಎರಡು ಕುಣಿಕೆ ಹೆಚ್ಚಿಸಿ, ಎರಡು ಇಳಿಸಿ ಹೇಗೋ ಸರಿಮಾಡಬಹುದು. ಲೇಸಿನಲ್ಲಿ ಆಗದು. ಓಲ್ಡ್ ಶೇಲ್‌ಗೆ ಕೂಡಿಸಿದರೆ ಹದಿನೆಂಟು, ಕಳೆದರೆ ಹದಿನೆಂಟು. ಮಧ್ಯೆ ಒಂದು ಕುಣಿಕೆ ಹೆಚ್ಚಿದರೂ ಅಲೆ ಮುರಿಯುತ್ತದೆ.

ನಾಲ್ಕು ಎಳೆಯ ಶುದ್ಧ ಉಣ್ಣೆ ತರಿಸಿದೆ. ಅಕ್ರಿಲಿಕ್ ಇದಕ್ಕೆ ಬೇಡ, ಒದ್ದೆ ಮಾಡಿ ಎಳೆದರೂ ನಿಂತ ಹಾಗೆ ನಿಲ್ಲುವುದಿಲ್ಲ. ಹತ್ತನೇ ನಂಬರಿನ ಕಡ್ಡಿಯಲ್ಲಿ ಒಂದು ತುಂಡು, ಎಂಟರಲ್ಲಿ ಒಂದು, ಆರರಲ್ಲಿ ಒಂದು ಹೆಣೆದು, ತೊಳೆದು, ಟವೆಲಿನ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿ ಅಳೆದೆ. ಲೇಸನ್ನು ಕಡ್ಡಿಯ ಮೇಲಿರುವಾಗ ಅಳೆಯಬಾರದು, ನೀರು ಕಂಡ ಮೇಲೆ ಅಳೆಯಬೇಕು. ಶೆಟ್ಲೆಂಡಿನಲ್ಲಿ ಶಾಲನ್ನು ತೊಳೆದು ಮರದ ಚೌಕಟ್ಟಿಗೆ ಬಿಗಿದು ಒಣಗಿಸುವುದನ್ನೇ ಕಸುಬು ಮಾಡಿಕೊಂಡವರು ಇದ್ದರು. ಹೆಣೆದವಳ ಕೈಯಿಂದ ಮುದುಡಿ ಬಂದದ್ದು ಅರಳುತ್ತಿದ್ದುದು ಅವರ ಕೈಯಲ್ಲಿ. ನನ್ನ ತುಂಡುಗಳಲ್ಲಿ ಹದಿನೆಂಟು ಕುಣಿಕೆ ಹತ್ತನೇ ನಂಬರಿನಲ್ಲಿ 3 ಇಂಚು, ಎಂಟರಲ್ಲಿ ಸುಮಾರು 3⅜ ಇಂಚು, ಆರರಲ್ಲಿ 3¾ ಇಂಚು ಬಂತು. ನಾಲ್ಕು ಅಲೆಗೆ ಗುಣಿಸಿದರೆ 12, 13½, 15. ಬಲತೋಳಿನ ಹನ್ನೊಂದಕ್ಕೂ ಎಡತೋಳಿನ ಹದಿನಾಲ್ಕಕ್ಕೂ ಒಂದೊಂದು ಇಂಚಿನ ಸಡಿಲ. ಬೆನ್ನಿಗೆ ನಡುವಿನ ಅಳತೆ. ಸುತ್ತ ಎರಡು ಇಂಚಿನ ಅಂಚು ಕೂಡಿದರೆ ಬೆನ್ನು ಮುಚ್ಚುತ್ತದೆ.

ಹೀಗಾಗಿ ಕುಣಿಕೆ ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ. ಎಪ್ಪತ್ತೆರಡು ಹಾಕಿ ಎಡ ಮೊಣಕೈಯಿಂದ ಆರನೇ ನಂಬರಿನಲ್ಲಿ ಶುರು ಮಾಡಿದೆ. ಭುಜ ದಾಟುವಲ್ಲಿ ಏಳಕ್ಕೆ, ಬೆನ್ನಿನಲ್ಲಿ ಎಂಟಕ್ಕೆ, ಆಚೆ ಭುಜದಲ್ಲಿ ಒಂಬತ್ತಕ್ಕೆ, ಬಲತೋಳಿಗೆ ಹತ್ತಕ್ಕೆ ಕಡ್ಡಿ ಬದಲಿಸಿದೆ. ಸಾಲು ಸಾಲಿಗೆ ಅದೇ ಎಪ್ಪತ್ತೆರಡು. ಅಲೆ ಮಾತ್ರ ಒಂದು ತುದಿಯಲ್ಲಿ ಅಗಲ, ಬರುತ್ತಾ ಬರುತ್ತಾ ಕಿರಿದು. ಎಡಗೈಯಂಚು ಬಿಗಿಯಾಗಬಾರದೆಂದು ವೈದ್ಯರು ಹೇಳಿದ್ದರಿಂದ ಅಲ್ಲಿ ಪಕ್ಕೆಹೆಣಿಗೆಯ ಪಟ್ಟಿ ಇಲ್ಲ. ಕುಣಿಕೆಗಳನ್ನು ಇನ್ನೂ ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಹಾಕಿ ಹಾಗೇ ಬಿಟ್ಟೆ, ಅಂಚು ತಾನಾಗಿ ಬಳುಕಿ ನಿಂತಿತು. ಒಣಗಿಸಿ ಮಡಿಚಿಟ್ಟರೆ ಎರಡು ತೋಳೂ ಬೇರೆ ಬೇರೆ ಎಂದು ಕಾಣುತ್ತದೆ. ಹಾಕಿಕೊಂಡರೆ ಕಾಣುವುದಿಲ್ಲ, ಏಕೆಂದರೆ ಎರಡೂ ತೋಳಿನಲ್ಲಿ ತೂತುಗಳು ಅಷ್ಟೇ, ಅಲೆಗಳು ಅಷ್ಟೇ.

ಮೇಡಂ ಕನ್ನಡಿಯ ಮುಂದೆ ನಿಂತು ಮೊದಲು ಬಲಗೈ ಎತ್ತಿದರು, ಆಮೇಲೆ ಎಡಗೈ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು, “ಎಷ್ಟು ಸಾಲು ಹೆಣೆದ್ರಿ?”

“ಮುನ್ನೂರೈವತ್ತು.”

“ಎಪ್ಪತ್ತೆರಡರಿಂದ ಗುಣಿಸಿದ್ರೆ ಇಪ್ಪತ್ತೈದು ಸಾವಿರದ ಇನ್ನೂರು. ಒಂದು ಕುಣಿಕೆಗೆ ಒಂದು ಪೈಸೆ ಹಿಡಿದ್ರೆ ಇನ್ನೂರ ಐವತ್ತೆರಡು ರೂಪಾಯಿ. ಛೆ, ಇದು ಲೆಕ್ಕವೇ ಅಲ್ಲ ಬಿಡಿ. ಎಷ್ಟು ಗಂಟೆ ಕೂತ್ರಿ, ಅದು ಹೇಳಿ.”

ನಲವತ್ತು ಗಂಟೆಯಾಗಿರಬಹುದು ಎಂದೆ. ದುಡ್ಡೆಲ್ಲ ಏನೂ ಬೇಡ, ನಾವು ನಾವೇ ಅಲ್ಲವೆ ಎಂದೂ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ನಲವತ್ತು ಗಂಟೆ ಎಂದರೆ ಐದು ದಿನ, ತೋಟದ ಆಳಿಗಿಂತ ಕಡಿಮೆ ಹೇಗಾದೀತು ಎಂದು ಮರುದಿನ ಐದು ದಿನದ ಕೂಲಿಯನ್ನೂ ಉಲ್ಲನ್ನಿನ ಬೆಲೆಯನ್ನೂ ಲಕೋಟೆಯಲ್ಲಿಟ್ಟು ತಂದರು. “ಬ್ಲೌಸ್‌ಪೀಸ್ ಕೊಟ್ಟು ಮುಗಿಸೋಳಲ್ಲ ನಾನು” ಎಂದು ನಕ್ಕರು. ಚಿಕ್ಕಮ್ಮನ ಕಥೆ ಅವರಿಗೆ ಗೊತ್ತಿತ್ತು. ನಾನು ತೆಗೆದುಕೊಂಡೆ. ಹೆಣಿಗೆಗೆ ನನ್ನ ಕೈಗೆ ಬಂದ ಮೊದಲ ಹಣ ಅದು.

ಶ್ರಗ್ ಹಾಕಿಕೊಂಡೇ ಪಾಠಕ್ಕೆ ಬರುತ್ತಿದ್ದಾರೆ. ರಾಜೀನಾಮೆಯ ವಿಷಯ ನಾನೂ ಎತ್ತಿಲ್ಲ, ಅವರೂ ಎತ್ತಿಲ್ಲ. ಮೊನ್ನೆ ಫೋನು ಮಾಡಿ, ದಿನಾ ವ್ಯಾಯಾಮ ಮಾಡಿ ಎಡತೋಳು ಅರ್ಧ ಇಂಚು ಇಳಿದಿದೆ, ಇನ್ನು ಆ ಕಡೆ ದೊಗಳೆಯಾಗುತ್ತದಲ್ಲ, ಬಿಚ್ಚಿ ಹೆಣೆಯಬೇಕೇ ಎಂದು ಕೇಳಿದರು. ಬಿಚ್ಚುವುದೇನೂ ಬೇಡ, ಮುಂದಿನ ಸಲ ತೊಳೆದು ಒಣಗಹಾಕುವಾಗ ಆ ತೋಳನ್ನು ಅರ್ಧ ಇಂಚು ಕಡಿಮೆ ಎಳೆದು ಸೂಜಿ ಚುಚ್ಚಿ ಎಂದೆ.